ಬ್ಯಾಂಡ್ ಶಿಬಿರದಿಂದ ಜಾಝ್ ವೇದಿಕೆಗೆ: ಊದುವ ವಾದ್ಯ ಕಲಿಯುವ ಮಕ್ಕಳಿಗೆ ಏಳು ವಾರಗಳ ಸಮಗ್ರ ಮಾರ್ಗದರ್ಶಿ

ಬೇಸಿಗೆಯ ಬ್ಯಾಂಡ್ ಶಿಬಿರ ಮುಗಿಸಿ ಬಂದ ಮಕ್ಕಳಲ್ಲಿ ಬಹಳಷ್ಟು ಮಂದಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಮುಂದೆ ಸ್ವರ ಬರೆದ ಹಾಳೆ ಇದ್ದರೆ ಮಾರ್ಚಿಂಗ್ ಟ್ಯೂನನ್ನು ತಪ್ಪಿಲ್ಲದೆ ಊದುತ್ತಾರೆ. ಹಾಳೆ ತೆಗೆದು "ಬಿ ಫ್ಲ್ಯಾಟ್ ಬ್ಲೂಸ್, ಎರಡು ಸುತ್ತು ಸೋಲೋ" ಎಂದರೆ, ಅಂದರೆ ಜಾಝಿನ ಬ್ಲೂಸ್ ಆವರ್ತದ ಮೇಲೆ ಒಬ್ಬರೇ ಆಗಲೇ ಕಟ್ಟಿ ಊದಲು ಹೇಳಿದರೆ, ಮೊದಲ ನಾಲ್ಕು ಬಾರ್ (ಬಾರ್ ಎಂದರೆ ನಾಲ್ಕು ಮಾತ್ರೆಗಳ ತುಂಡು) ಹೇಗೋ ಓಡುತ್ತದೆ, ಐದನೆಯದರಲ್ಲಿ ದಿಕ್ಕು ತಪ್ಪುತ್ತದೆ, ಒಂಬತ್ತರ ಹೊತ್ತಿಗೆ ವಾದ್ಯ ಕೆಳಗಿಳಿದಿರುತ್ತದೆ. ಅವರಿಗೆ ಸ್ಕೇಲ್ (ಸ್ವರಗಳ ಏರಿಳಿತದ ಸಾಲು) ಗೊತ್ತಿದೆ, ಬೆರಳೂ ಓಡುತ್ತದೆ. ಕೆಟ್ಟಿರುವುದು ಕಲಿತ ಕ್ರಮ. ಬೆರಳಿಗೆ ಸ್ಕೇಲ್ ಬಂದ ಮೇಲೂ ಕಿವಿಗೆ ಹನ್ನೆರಡು ಬಾರ್‌ಗಳ ಆವರ್ತ ಕೂತಿರುವುದಿಲ್ಲ.

ಈ ಮಾರ್ಗದರ್ಶಿ ಆ ಕ್ರಮವನ್ನು ಸರಿಪಡಿಸಲಿಕ್ಕಾಗಿಯೇ ಇದೆ. ಟ್ರಂಪೆಟ್, ಕ್ಲಾರಿನೆಟ್ ಅಥವಾ ಸ್ಯಾಕ್ಸೋಫೋನ್ ಹಿಡಿದು ಒಂದು ವರ್ಷವಾದರೂ ಆಗಿರಬೇಕು, ಒಂದೂವರೆ ಸಪ್ತಕ ಸರಾಗವಾಗಿ ಊದಲು ಬರಬೇಕು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಶಾಲಾ ರಜೆಗೆ ಹೊಂದುವಂತೆ ಹಂತಗಳನ್ನು ಜೋಡಿಸಲಾಗಿದೆ.

ಹಂತ 1: ಶಿಬಿರ ಸೇರುವ ಮುನ್ನ ಕೇಳಬೇಕಾದ್ದು

ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ದಿನದಲ್ಲಿ ಎಷ್ಟು ಹೊತ್ತು ವಾದ್ಯವಾರು ತಾಲೀಮು ಇರುತ್ತದೆ? ಒಬ್ಬ ಗುರುಗಳ ಕೈಕೆಳಗೆ ಎಷ್ಟು ಮಕ್ಕಳು? ಡ್ರಮ್ ಸೆಟ್, ಬೇಸ್ ಗಿಟಾರ್, ಕೀಬೋರ್ಡ್ ಮೂರೂ ಇವೆಯೇ? ಕೊನೆಯದು ಬಹಳ ಮುಖ್ಯ. ಈ ಮೂರು ವಾದ್ಯಗಳಿಲ್ಲದ ಶಿಬಿರದಲ್ಲಿ ಕವಾಯತಿನ ಹೆಜ್ಜೆ ಮತ್ತು ಒಟ್ಟಿಗೆ ಊದುವ ಶಿಸ್ತು ಬರುತ್ತದೆ, ಸೋಲೋ ಬರುವುದಿಲ್ಲ. ಹಾಗೆಂದು ಅಂಥ ಶಿಬಿರವನ್ನು ಬಿಡಬೇಕಿಲ್ಲ. ಬೆಳಿಗ್ಗೆ ಅಲ್ಲಿಗೆ ಹೋಗಿ, ಸಂಜೆ ಮನೆಯಲ್ಲಿ ಮುಂದಿನ ಹಂತಗಳನ್ನು ಮಾಡಬಹುದು.

ಬೆಳಗಾವಿಯಲ್ಲಿ ಗುರು ಹುಡುಕುವವರು ಕ್ಯಾಂಪ್ ಪ್ರದೇಶದಲ್ಲಿ ವಿಚಾರಿಸುವುದು ಒಳ್ಳೆಯದು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇರುವ ಊರಿದು. ಮಿಲಿಟರಿ ಬ್ಯಾಂಡಿನಲ್ಲಿ ದುಡಿದು ನಿವೃತ್ತರಾದವರು ಸಿಕ್ಕರೆ ಉಸಿರು ಮತ್ತು ನಾದದ ಪಾಠಕ್ಕೆ ಅವರಿಗಿಂತ ಒಳ್ಳೆಯವರು ಬೇಕಿಲ್ಲ. ವಿಜಯಪುರ, ಬಾಗಲಕೋಟೆಯವರು ಮದುವೆ ಬ್ಯಾಂಡ್ ಕಂಪನಿಗಳ ಹಿರಿಯ ಕ್ಲಾರಿನೆಟ್ ವಾದಕರನ್ನು ಕೇಳಿ ನೋಡಿ. ಹಾಡು ಕಿವಿಗೆ ಬಿದ್ದ ಕೂಡಲೇ ಊದುವ ಅವರ ಕೌಶಲವೇ ಜಾಝಿಗೆ ಬೇಕಾದ ಮೊದಲ ಕೌಶಲ. ಅದನ್ನು ಕೀಳಾಗಿ ನೋಡುವ ಮಕ್ಕಳು ತಮಗೇ ನಷ್ಟ ಮಾಡಿಕೊಳ್ಳುತ್ತಾರೆ.

ಹಂತ 2: ಸಾಮಾನು ಮತ್ತು ಬಿಸಿಲು

ಚೀಲದಲ್ಲಿ ಇರಬೇಕಾದವು: ಮೆಟ್ರೊನೋಮ್ (ಮಾತ್ರೆ ಬಡಿಯುವ) ಮತ್ತು ಟ್ಯೂನರ್ (ಶ್ರುತಿ ತೋರಿಸುವ) ಆ್ಯಪ್ ಇರುವ ಫೋನ್, ಪೆನ್ಸಿಲ್, ಮಡಚುವ ಮ್ಯೂಸಿಕ್ ಸ್ಟ್ಯಾಂಡ್, ಹಾಳೆ ಹಾರದಂತೆ ನಾಲ್ಕು ಬಟ್ಟೆ ಕ್ಲಿಪ್, ನೂಲು ಬಿಡದ ಹತ್ತಿ ಬಟ್ಟೆ, ನೀರಿನ ಬಾಟಲಿ. ಟ್ರಂಪೆಟ್‌ಗೆ ವಾಲ್ವ್ ಆಯಿಲ್ ಮತ್ತು ಸ್ಲೈಡ್ ಗ್ರೀಸ್, ರೀಡ್ ವಾದ್ಯಕ್ಕೆ (ಕ್ಲಾರಿನೆಟ್, ಸ್ಯಾಕ್ಸೋಫೋನ್) ಕಾರ್ಕ್ ಗ್ರೀಸ್ ಮತ್ತು ನಾಲ್ಕು ರೀಡ್ ಬೇಕು. ರೀಡ್ ಎಂದರೆ ಮೌತ್‌ಪೀಸಿಗೆ ಕಟ್ಟುವ ಜೊಂಡಿನ ತೆಳು ಪಟ್ಟಿ. ಹೊಸಬರಿಗೆ 2 ಅಥವಾ 2.5 ಗಡಸಿನ ರೀಡ್ ಸಾಕು. ಗಡಸು ರೀಡ್ ಹಾಕಿದರೆ ನಾದ ದಪ್ಪ ಬರುತ್ತದೆಂದು 3.5 ಕೊಂಡವರು ಗಾಳಿಯ ಸದ್ದನ್ನಷ್ಟೇ ಊದುತ್ತಾರೆ.

ರೀಡ್‌ಗಳ ಹಿಂಬದಿಗೆ ಪೆನ್ಸಿಲಿನಿಂದ 1, 2, 3, 4 ಎಂದು ಬರೆದು ದಿನಕ್ಕೊಂದರಂತೆ ಬಳಸಿ. ಹೊಸ ರೀಡನ್ನು ಮೊದಲ ದಿನಗಳಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಊದಬೇಡಿ. ವಿಜಯಪುರದ ಏಪ್ರಿಲ್-ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಆ ಒಣ ಶಾಖಕ್ಕೆ ರೀಡಿನ ತುದಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಎರಡು-ಮೂರು ನಿಮಿಷ ನೀರಿನಲ್ಲಿಟ್ಟು, ಗಾಜಿನ ಮೇಲೆ ಬೆರಳಿನಿಂದ ಚಪ್ಪಟೆಯಾಗಿ ಒತ್ತಿದರೆ ಮತ್ತೆ ನೇರವಾಗುತ್ತದೆ. ತುದಿ ಸೀಳಿದ ರೀಡನ್ನು ಎಸೆಯಿರಿ, ಅದನ್ನು ಉಳಿಸಲು ದಾರಿಯಿಲ್ಲ.

ಟ್ರಂಪೆಟ್‌ನ ವಾಲ್ವ್‌ಗೆ ಎಣ್ಣೆ ಬಿಡುವಾಗ ಒಂದು ಸಲಕ್ಕೆ ಒಂದೇ ವಾಲ್ವ್ ತೆಗೆಯಿರಿ. ಮೂರು-ನಾಲ್ಕು ಹನಿ ಸಾಕು. ಒಳಗಿಳಿಸಿ ಮೆಲ್ಲನೆ ತಿರುಗಿಸಿದರೆ ಕಟ್ಟೆಂದು ಕೂರುತ್ತದೆ. ಎಣ್ಣೆ ಬಿಟ್ಟ ಮೇಲೆ ಊದಿದರೆ ಗಾಳಿಯೇ ಹೋಗುತ್ತಿಲ್ಲವೆಂದರೆ ವಾಲ್ವ್ ತಪ್ಪು ದಿಕ್ಕಿಗೆ ಕೂತಿದೆ ಅಥವಾ 1ರ ಜಾಗಕ್ಕೆ 3 ಹೋಗಿದೆ. ಬಲವಾಗಿ ಊದಿದರೆ ಸರಿಹೋಗುವುದಿಲ್ಲ, ತೆಗೆದು ಸಂಖ್ಯೆ ನೋಡಿ ಕೂರಿಸಬೇಕು.

ವಾದ್ಯವನ್ನು ನಿಂತ ಕಾರಿನೊಳಗೆ ಅಥವಾ ಬಿಸಿಲು ಬೀಳುವ ಬಸ್ ಕಿಟಕಿಯ ಪಕ್ಕ ಬಿಡಬೇಡಿ. ಸ್ಯಾಕ್ಸೋಫೋನ್, ಕ್ಲಾರಿನೆಟ್‌ಗಳ ರಂಧ್ರ ಮುಚ್ಚುವ ಪ್ಯಾಡ್ ಹಿಡಿದಿಡುವ ಅಂಟು ಶಾಖಕ್ಕೆ ಸಡಿಲಾಗುತ್ತದೆ. ಪ್ಯಾಡ್ ಒಂದು ಕೂದಲೆಳೆಯಷ್ಟು ವಾರೆಯಾದರೂ ಕೆಳಗಿನ ಸ್ವರಗಳು ಗೊರಗೊರ ಎನ್ನುತ್ತವೆ, ಮಕ್ಕಳು ಅದನ್ನು ತಮ್ಮ ತುಟಿಯ ತಪ್ಪೆಂದು ತಿಳಿಯುತ್ತಾರೆ. ಬೆಳಗಾವಿಯಲ್ಲಿ ಬಿಸಿಲು ಅಷ್ಟಿಲ್ಲ, ಆದರೆ ಸಂಜೆಯ ಅಡ್ಡಮಳೆ ಹೇಳದೆ ಬರುತ್ತದೆ. ಕೇಸಿನ ಜೊತೆ ದೊಡ್ಡ ಪ್ಲಾಸ್ಟಿಕ್ ಚೀಲವೊಂದು ಇರಲಿ.

ಗಿರ್ಮಿಟ್ಟು-ಮಿರ್ಚಿ ತಿಂದು, ಕಬ್ಬಿನ ಹಾಲು ಕುಡಿದು ಬಾಯಿ ಮುಕ್ಕಳಿಸದೆ ಊದಬಾರದು. ಎಣ್ಣೆ, ಸಕ್ಕರೆ ಎರಡೂ ಉಗುಳಿನ ಜೊತೆ ಒಳಗಿಳಿದು ಪ್ಯಾಡ್ ಅಂಟಿಸುತ್ತವೆ, ವಾಲ್ವ್ ಹಿಡಿಸುತ್ತವೆ. ಪ್ಯಾಡ್ ಅಂಟಿದ್ದರೆ ತೆಳು ಟಿಶ್ಯೂ ಕಾಗದವನ್ನು ಅದರ ಕೆಳಗಿಟ್ಟು ಮೆಲ್ಲಗೆ ಒತ್ತಿ ಬಿಡಿ, ಎಳೆಯಬೇಡಿ. ಮೌತ್‌ಪೀಸ್ ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಕುದಿಯುವ ನೀರು ಬಿದ್ದರೆ ಎಬೊನೈಟ್ (ಗಡಸು ರಬ್ಬರ್) ಮೌತ್‌ಪೀಸ್ ಬಣ್ಣಗೆಟ್ಟು ವಾಸನೆ ಬರುತ್ತದೆ.

ಹಂತ 3: ಮೊದಲ ವಾರ, ಸ್ವರ ನಿಲ್ಲಿಸುವುದು ಮತ್ತು ಶ್ರುತಿ

ಬೆಳಿಗ್ಗೆ ಆರರಿಂದ ಎಂಟರೊಳಗೆ ಅಭ್ಯಾಸ ಮಾಡಿ. ಮೆಟ್ರೊನೋಮ್ ನಿಮಿಷಕ್ಕೆ 60 ಮಾತ್ರೆಗಿಟ್ಟು ಒಂದು ಸ್ವರವನ್ನು ಎಂಟು ಮಾತ್ರೆ ಹಿಡಿಯಿರಿ, ನಾಲ್ಕು ಮಾತ್ರೆ ಬಿಡಿ. ಮೆತ್ತಗೆ ಶುರುಮಾಡಿ ಜೋರಾಗಿ, ಮತ್ತೆ ಮೆತ್ತಗೆ. ಹೀಗೆ ಹದಿನೈದು ನಿಮಿಷ. ಟ್ರಂಪೆಟ್‌ನವರು ಊದಿದಷ್ಟೇ ಹೊತ್ತು ವಿಶ್ರಾಂತಿ ತೆಗೆದುಕೊಳ್ಳಬೇಕು. ಮೇಲಿನ ಸ್ವರಕ್ಕಾಗಿ ಮೌತ್‌ಪೀಸನ್ನು ತುಟಿಗೆ ಒತ್ತುವುದು ಈ ವಯಸ್ಸಿನ ದೊಡ್ಡ ಕೆಟ್ಟ ಚಾಳಿ. ತುಟಿ ಜೋಮು ಹಿಡಿದರೆ, ಚುಚ್ಚಿದಂತೆ ನೋವಾದರೆ ಆ ದಿನದ ಊದಾಟ ಅಲ್ಲಿಗೇ ಮುಗಿಯಬೇಕು. ತಲೆ ತಿರುಗಿದರೆ ಕೂತು ನೀರು ಕುಡಿಯಿರಿ.

ಶ್ರುತಿಯ ವಿಷಯದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಗೊಂದಲ ಹೆಚ್ಚು, ಏಕೆಂದರೆ ಪಕ್ಕದಲ್ಲಿರುವುದು ಹಾರ್ಮೋನಿಯಂ. ಟ್ರಂಪೆಟ್, ಟೆನರ್ ಸ್ಯಾಕ್ಸೋಫೋನ್, ಸಾಮಾನ್ಯ ಕ್ಲಾರಿನೆಟ್‌ಗಳು ಹಾಳೆಯ ಸಿ ಸ್ವರ ಊದಿದರೆ ಹೊರಡುವುದು ಬಿ ಫ್ಲ್ಯಾಟ್, ಅಂದರೆ ಹಾರ್ಮೋನಿಯಂನ ಕಪ್ಪು 5. ಆಲ್ಟೋ ಸ್ಯಾಕ್ಸೋಫೋನ್ ಹಾಳೆಯ ಸಿ ಊದಿದರೆ ಇ ಫ್ಲ್ಯಾಟ್, ಅಂದರೆ ಕಪ್ಪು 2. ಮದುವೆ ಬ್ಯಾಂಡಿನ ಗಿಡ್ಡ ಕ್ಲಾರಿನೆಟ್ ಕೈಗೆ ಬಂದಿದ್ದರೆ ಅದೂ ಇ ಫ್ಲ್ಯಾಟ್ ಇರಬಹುದು, ಪರೀಕ್ಷಿಸಿ. ಟ್ಯೂನರ್ ಆ್ಯಪ್ ಬಿ ಫ್ಲ್ಯಾಟ್ ಬದಲು "ಎ ಶಾರ್ಪ್" ಎಂದು ತೋರಿಸಿದರೆ ಹೆದರಬೇಡಿ, ಎರಡೂ ಒಂದೇ ಸ್ವರ.

ಬಿ ಫ್ಲ್ಯಾಟ್ ಬ್ಲೂಸ್ ಎಂದರೆ ಟ್ರಂಪೆಟ್‌ಗೆ ಸಿ, ಆಲ್ಟೋಗೆ ಜಿ. ಎಫ್ ಬ್ಲೂಸ್ ಎಂದರೆ ಟ್ರಂಪೆಟ್‌ಗೆ ಜಿ, ಆಲ್ಟೋಗೆ ಡಿ. ಸಿ ಬ್ಲೂಸ್ ಎಂದರೆ ಟ್ರಂಪೆಟ್‌ಗೆ ಡಿ, ಆಲ್ಟೋಗೆ ಎ. ಇದನ್ನು ಕೇಸಿನ ಮುಚ್ಚಳದ ಒಳಗೆ ಬರೆದು ಅಂಟಿಸಿ. ಕೀಬೋರ್ಡ್ ಜೊತೆ ಎಷ್ಟು ಮಾಡಿದರೂ ಕೂಡಿಬರದಿದ್ದರೆ ಶ್ರುತಿ ಏರಿಳಿಸುವ ಅದರ ಟ್ರಾನ್ಸ್‌ಪೋಸ್ ಬಟನ್ ನೋಡಿ. ಹಿಂದೆ ಯಾರೋ ಭಜನೆಗೆಂದು ಒತ್ತಿ ಬಿಟ್ಟಿರುವುದು ಸಾಮಾನ್ಯ.

ಬಿಸಿ ಗಾಳಿಯಲ್ಲಿ ಊದುವ ವಾದ್ಯದ ಸ್ವರ ಏರುತ್ತದೆ. ಟ್ರಂಪೆಟ್‌ನಲ್ಲಿ ಟ್ಯೂನಿಂಗ್ ಸ್ಲೈಡನ್ನು ಐದರಿಂದ ಹತ್ತು ಮಿಲಿಮೀಟರ್, ಸ್ಯಾಕ್ಸೋಫೋನ್‌ನಲ್ಲಿ ಮೌತ್‌ಪೀಸನ್ನು ಒಂದೆರಡು ಮಿಲಿಮೀಟರ್ ಹೊರಗೆಳೆದು ಸರಿಪಡಿಸಿ. ಐದು ನಿಮಿಷ ಊದಿ ವಾದ್ಯ ಬೆಚ್ಚಗಾದ ಮೇಲಷ್ಟೇ ಶ್ರುತಿ ಮಾಡಬೇಕು. ಟ್ರಂಪೆಟ್‌ನ ಕೆಳಗಿನ ಡಿ ಮತ್ತು ಸಿ ಶಾರ್ಪ್ ಯಾವಾಗಲೂ ಏರಿಯೇ ಬರುತ್ತವೆ. ಆ ಎರಡಕ್ಕೆ ಮೂರನೇ ಸ್ಲೈಡನ್ನು ಉಂಗುರ ಬೆರಳಿನಿಂದ ಹೊರಗೆ ತಳ್ಳುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಹಂತ 4: ಎರಡನೇ ವಾರ, ವಾದ್ಯವಿಲ್ಲದೆ ಆವರ್ತ

ಎಲ್ಲರೂ ಹಾರಿಹೋಗುವ ಹಂತ ಇದು. ಈ ವಾರ ಸಂಜೆಯ ಅಭ್ಯಾಸದಲ್ಲಿ ವಾದ್ಯ ಕೇಸಿನಲ್ಲೇ ಇರಲಿ.

ಬ್ಲೂಸ್ ಎಂದರೆ ಹನ್ನೆರಡು ಬಾರ್, ಒಂದೊಂದರಲ್ಲಿ ನಾಲ್ಕು ಮಾತ್ರೆ, ಒಟ್ಟು 48 ಮಾತ್ರೆಗಳ ಆವರ್ತ. ಒಂದು ಆವರ್ತಕ್ಕೆ ಕೋರಸ್ ಎನ್ನುತ್ತಾರೆ. ತಬಲಾ ಠೇಕಾ ಕೇಳಿ ಬೆಳೆದ ಮಕ್ಕಳಿಗೆ ಇದು ಸುಲಭವಾಗಬೇಕು: ಮೊದಲ ಬಾರಿನ ಮೊದಲ ಮಾತ್ರೆಯೇ ಸಮ್, ಎಲ್ಲಿಗೆ ಹೋದರೂ ಅಲ್ಲಿಗೇ ಬರಬೇಕು. ಆದರೆ ಇಲ್ಲಿ ಆವರ್ತದೊಳಗೆ ಆಧಾರ ಬದಲಾಗುತ್ತದೆ. ತಂಬೂರಿಯಂತೆ ಒಂದೇ ಸಾ ಮೊಳಗುವುದಿಲ್ಲ, ಮೂರು ಕಾರ್ಡ್‌ಗಳು (ಒಟ್ಟಿಗೆ ಮೊಳಗುವ ಸ್ವರಗುಚ್ಛಗಳು) ಸರದಿಯಲ್ಲಿ ಬರುತ್ತವೆ. ಸಾ ಮೇಲೆ ನಿಂತದ್ದು ಒನ್, ಮ ಮೇಲೆ ನಿಂತದ್ದು ಫೋರ್, ಪ ಮೇಲೆ ನಿಂತದ್ದು ಫೈವ್.

ಬಾರ್ 1ರಿಂದ 4: ಒನ್
ಬಾರ್ 5, 6: ಫೋರ್
ಬಾರ್ 7, 8: ಒನ್
ಬಾರ್ 9: ಫೈವ್
ಬಾರ್ 10: ಫೋರ್
ಬಾರ್ 11: ಒನ್
ಬಾರ್ 12: ಫೈವ್, ಅಲ್ಲಿಂದ ಮತ್ತೆ ಸಮ್

ಕೆಲವರು ಎರಡನೇ ಬಾರಿನಲ್ಲೇ ಒಮ್ಮೆ ಫೋರ್ ಮುಟ್ಟಿ ಬರುತ್ತಾರೆ, ಒಂಬತ್ತು-ಹತ್ತರಲ್ಲಿ ಟೂ-ಫೈವ್ (ರಿ ಮೇಲೆ ನಿಂತ ಕಾರ್ಡ್, ಆಮೇಲೆ ಫೈವ್) ಹಾಕುತ್ತಾರೆ. ಅಸ್ಥಿಪಂಜರ ಅದೇ. ಗುರುತಿನ ಕಂಬಗಳು ಎರಡು: ಐದನೇ ಬಾರ್ ಮತ್ತು ಒಂಬತ್ತನೇ ಬಾರ್.

ಬ್ಲೂಸ್ ಬ್ಯಾಕಿಂಗ್ ಟ್ರ್ಯಾಕ್ (ಹಿಮ್ಮೇಳ ಮಾತ್ರ ಇರುವ ಧ್ವನಿಮುದ್ರಣ) ಒಂದನ್ನು ನಿಮಿಷಕ್ಕೆ 96 ಮಾತ್ರೆಯ ವೇಗದಲ್ಲಿ ಹಚ್ಚಿ. ಆ ವೇಗಕ್ಕೆ ಒಂದು ಕೋರಸ್ ಸರಿಯಾಗಿ 30 ಸೆಕೆಂಡು. ಬಾರ್ ಸಂಖ್ಯೆಯನ್ನು ಬಾಯಲ್ಲಿ ಹೇಳುತ್ತಾ ಬೆರಳ ಗೆಣ್ಣು ಎಣಿಸಿ: "ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು..." ಮೂರು ದಿನವಾದ ಮೇಲೆ ಎಣಿಕೆ ನಿಲ್ಲಿಸಿ, ಕಾರ್ಡ್ ಬದಲಾದಾಗ ಮಾತ್ರ ಕೈಯೆತ್ತಿ. ವಾರದ ಕೊನೆಗೆ ಒಂದು ಪರೀಕ್ಷೆ: ಯಾರಾದರೂ ಟ್ರ್ಯಾಕನ್ನು ನಡುವೆ ಎಲ್ಲಿಂದಲೋ ಹಚ್ಚಲಿ, ನೀವು ಕಣ್ಣು ಮುಚ್ಚಿ ಕೇಳಿ ಮುಂದಿನ ಸಮ್‌ಗೆ ಚಪ್ಪಾಳೆ ಹೊಡೆಯಿರಿ. ಐದರಲ್ಲಿ ನಾಲ್ಕು ಸಲ ಸರಿಬಂದರೆ ಮುಂದಿನ ಹಂತಕ್ಕೆ ಹೋಗಿ. ಬಾರದಿದ್ದರೆ ಇನ್ನೊಂದು ವಾರ ಇಲ್ಲೇ ಇರಿ, ಮುಂದಿನದು ಆಮೇಲೆ ಬೇಗ ಸಾಗುತ್ತದೆ.

ಹಂತ 5: ಮೂರನೇ ವಾರ, ಸ್ವಿಂಗ್

ಸ್ವಿಂಗನ್ನು, ಅಂದರೆ ಜಾಝಿನ ತೂಗುವ ಲಯವನ್ನು, ತ್ರಿಶ್ರದಲ್ಲಿ (ಮಾತ್ರೆಗೆ ಮೂರು ಭಾಗ) ಹಿಡಿಯಿರಿ. ಒಂದು ಮಾತ್ರೆಗೆ "ತಕಿಟ" ಹೇಳಿ. ಎರಡು ಸ್ವರಗಳಿದ್ದರೆ ಮೊದಲನೆಯದು "ತ" ಮೇಲೆ ಬಿದ್ದು "ಕಿ"ಯನ್ನೂ ಹಿಡಿಯುತ್ತದೆ, ಎರಡನೆಯದು "ಟ" ಮೇಲೆ ಬರುತ್ತದೆ. ನಾಲಿಗೆಯ ಹೊಡೆತ ಆ "ಟ"ಗೆ ಇರಲಿ, ಅಲ್ಲಿಂದ ಮುಂದಿನ "ತ"ಕ್ಕೆ ಜಾರಿಸಿ. ಮಾರ್ಚಿಂಗ್ ಬ್ಯಾಂಡಿನಿಂದ ಬಂದವರು ಎಲ್ಲ ಸ್ವರಕ್ಕೂ ನಾಲಿಗೆ ಹೊಡೆದು ಕವಾಯತು ಮಾಡಿಬಿಡುತ್ತಾರೆ. ವೇಗ ಹೆಚ್ಚಿದಂತೆ ಈ ಏರಿಳಿತ ಕಡಿಮೆಯಾಗುತ್ತಾ ಸಮನಾಗುತ್ತದೆ, ಹಾಗಾಗಿ ಎಲ್ಲ ವೇಗಕ್ಕೂ ಕುದುರೆ ಓಟದಂತೆ ಕುಣಿಸಬೇಡಿ.

ಮೆಟ್ರೊನೋಮನ್ನು 60ಕ್ಕಿಟ್ಟು, ಅದರ ಬಡಿತವನ್ನು ಎರಡು ಮತ್ತು ನಾಲ್ಕನೇ ಮಾತ್ರೆ ಎಂದುಕೊಳ್ಳಿ. ಆಗ ಹಾಡಿನ ವೇಗ 120. ಮೊದಲು ಬಾಯಲ್ಲಿ, ಆಮೇಲೆ ಒಂದೇ ಸ್ವರದಲ್ಲಿ ಊದಿ. ಅರ್ಧ ನಿಮಿಷದೊಳಗೆ ಬಡಿತ ಒಂದು-ಮೂರಕ್ಕೆ ಜಾರಿದಂತೆ ಅನ್ನಿಸುತ್ತದೆ. ಸಮ್‌ಗೆ ತಟ್ಟುವ ಅಭ್ಯಾಸವಿರುವ ಕೈಗೆ ಇದು ಸಹಜ. ನಿಲ್ಲಿಸಿ, ಮತ್ತೆ ಶುರುಮಾಡಿ.

ಹಂತ 6: ನಾಲ್ಕು ಮತ್ತು ಐದನೇ ವಾರ, ಮೂರು ಸ್ವರದ ದಾರಿ

ಈಗ ವಾದ್ಯದಲ್ಲಿ ಕಾರ್ಡ್ ಬದಲಾವಣೆ ಕೇಳಿಸಬೇಕು. ಅದಕ್ಕೆ ಸ್ಕೇಲ್ ಬೇಡ, ಅಕ್ಕಪಕ್ಕದ ಮೂರೇ ಸ್ವರ ಸಾಕು. ಒನ್ ಬಂದಾಗ ಶುದ್ಧ ಗ, ಫೋರ್ ಬಂದಾಗ ಕೋಮಲ ಗ, ಫೈವ್ ಬಂದಾಗ ಶುದ್ಧ ಮ. ಬಿ ಫ್ಲ್ಯಾಟ್ ಬ್ಲೂಸಿನಲ್ಲಿ ಟ್ರಂಪೆಟ್‌ಗೆ ಇವು ಇ, ಇ ಫ್ಲ್ಯಾಟ್, ಎಫ್. ಆಲ್ಟೋಗೆ ಬಿ, ಬಿ ಫ್ಲ್ಯಾಟ್, ಸಿ. ಹನ್ನೆರಡು ಬಾರ್ ಪೂರ್ತಿ ಇಷ್ಟನ್ನೇ ಉದ್ದ ಸ್ವರವಾಗಿ ಊದಿ. ಐದನೇ ಬಾರಿನ ಮೊದಲ ಮಾತ್ರೆಗೆ ಶುದ್ಧ ಗ ಕೋಮಲಕ್ಕೆ ಇಳಿದಾಗ, ಕೀಬೋರ್ಡ್ ನಿಲ್ಲಿಸಿದರೂ ಕೇಳುವವರಿಗೆ ಕಾರ್ಡ್ ಬದಲಾದದ್ದು ತಿಳಿಯುತ್ತದೆ. ಸೋಲೋದ ಬೆನ್ನೆಲುಬು ಇದೇ.

ಎರಡನೇ ದಾರಿ: ಒನ್‌ಗೆ ಕೋಮಲ ನಿ, ಫೋರ್‌ಗೆ ಶುದ್ಧ ಧ, ಫೈವ್‌ಗೆ ಶುದ್ಧ ನಿ. ಇದನ್ನೂ ಹಾಗೆಯೇ ಮಾಡಿ. ಎರಡೂ ದಾರಿ ನೋಡದೆ ಬಂದ ಮೇಲಷ್ಟೇ ಬ್ಲೂಸ್ ಸ್ಕೇಲ್: ಸಾ, ಕೋಮಲ ಗ, ಮ, ತೀವ್ರ ಮ, ಪ, ಕೋಮಲ ನಿ, ಸಾ. ತೀವ್ರ ಮ ತೆಗೆದರೆ ಉಳಿಯುವುದು ಧಾನಿ ರಾಗದ ಸ್ವರಗಳು, ಹಾಗಾಗಿ ಹಿಂದೂಸ್ತಾನಿ ಕಲಿತ ಮಕ್ಕಳ ಬೆರಳು ತಕ್ಷಣ ಓಡುತ್ತದೆ. ಅಪಾಯವೂ ಅಲ್ಲೇ ಇದೆ. ರಾಗವೆಂದು ಹಿಡಿದು ಆಲಾಪಕ್ಕಿಳಿದರೆ ಕೆಳಗೆ ಕಾರ್ಡ್ ಬದಲಾಗುತ್ತಿರುವುದು ಮರೆತುಹೋಗುತ್ತದೆ. ತೀವ್ರ ಮ ಮೇಲೆ ನಿಲ್ಲಬೇಡಿ, ಮ ಮತ್ತು ಪ ನಡುವೆ ದಾಟುವ ಮೆಟ್ಟಿಲಾಗಿ ಮಾತ್ರ ಬಳಸಿ.

ಸೋಲೋ ಕಟ್ಟುವಾಗ ಹನ್ನೆರಡು ಬಾರನ್ನು ನಾಲ್ಕರಂತೆ ಮೂರು ಸಾಲು ಮಾಡಿ. ಮೊದಲ ಸಾಲಿನಲ್ಲಿ ಎರಡು ಬಾರ್ ಊದಿ, ಎರಡು ಬಾರ್ ಸುಮ್ಮನಿರಿ. ಎರಡನೇ ಸಾಲಿನಲ್ಲಿ ಅದೇ ಮಾತನ್ನು ಮತ್ತೆ ಹೇಳಿ, ಆದರೆ ಕಾರ್ಡಿಗೆ ತಕ್ಕಂತೆ ಶುದ್ಧ ಗ ಇದ್ದಲ್ಲಿ ಕೋಮಲ ಗ ಹಾಕಿ. ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡಿ. ಸುಮ್ಮನಿರುವ ಎರಡು ಬಾರ್‌ಗಳಲ್ಲೇ ಕಿವಿ ಆವರ್ತ ಹಿಡಿಯುತ್ತದೆ, ಉಸಿರೂ ತುಂಬುತ್ತದೆ. ಅಲ್ಲಿ ತುಂಬಿಸಲು ಹೊರಟವರೇ ಒಂಬತ್ತನೇ ಬಾರಿನಲ್ಲಿ ಕಳೆದುಹೋಗುವುದು.

ದಿನವೂ ಒಂದು ಕೋರಸ್ ಫೋನಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಿ. ದೊಡ್ಡವರ ಸೋಲೋ ಕಲಿಯುವಾಗ ವಿಡಿಯೋ ವೇಗವನ್ನು 0.75ಕ್ಕೆ ಇಳಿಸಿ, ಶ್ರುತಿ ಬದಲಾಗುವುದಿಲ್ಲ. ನಾಲ್ಕು ಬಾರ್ ಮಾತ್ರ ತೆಗೆದುಕೊಂಡು ಮೊದಲು ಹಾಡಿ, ಹಾಡಲು ಬಂದ ಮೇಲೆ ಊದಿ. ಹಾಡಲು ಬಾರದ ಸಾಲು ಬೆರಳಿಗೆ ಬಂದರೂ ಬಾಳುವುದಿಲ್ಲ.

ಹಂತ 7: ನೇರ ಜಾಝ್ ಕೇಳಲು ಹೋಗುವುದು

ಏಪ್ರಿಲ್ 30 ಅಂತರರಾಷ್ಟ್ರೀಯ ಜಾಝ್ ದಿನ. ಯುನೆಸ್ಕೊ 2011ರಲ್ಲಿ ಘೋಷಿಸಿದ ಈ ದಿನ ನಮ್ಮ ರಜೆಯೊಳಗೇ ಬರುತ್ತದೆ. ಗೋವಾ, ಬೆಂಗಳೂರು, ಮುಂಬೈಗಳಲ್ಲಿ ಅದರ ಆಸುಪಾಸಿನ ಕಾರ್ಯಕ್ರಮಗಳನ್ನು ಎರಡು ವಾರ ಮೊದಲೇ ಹುಡುಕಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಪಣಜಿಗೆ ಮೂರು-ನಾಲ್ಕು ತಾಸು. ವಿಜಯಪುರ, ಬಾಗಲಕೋಟೆಯವರು ಹಿಂದಿನ ರಾತ್ರಿಯೇ ಬೆಳಗಾವಿಗೆ ಬಂದಿರುವುದು ಲೇಸು. ಮೇ ಕೊನೆಗೆ ಗೋವಾದ ಪ್ರವಾಸಿ ಹಂಗಾಮು ಮುಗಿದು ಸಮುದ್ರ ದಂಡೆಯ ಶ್ಯಾಕ್‌ಗಳು (ತಾತ್ಕಾಲಿಕ ಹೋಟೆಲುಗಳು) ಮುಚ್ಚುತ್ತವೆ, ಆದ್ದರಿಂದ ಏಪ್ರಿಲ್‌ನಲ್ಲೇ ಹೋಗಿ. ಮದ್ಯದ ಬಾರ್‌ಗಳಲ್ಲಿ ನಡೆಯುವ ಕಛೇರಿಗೆ ವಯಸ್ಸಿನ ನಿರ್ಬಂಧ ಇರಬಹುದು, ಫೋನ್ ಮಾಡಿ ಕೇಳಿ, ಹಿರಿಯರೊಬ್ಬರು ಜೊತೆಗಿರಲಿ.

ಡ್ರಮ್ಮರ್‌ನ ಎಡಗಾಲು ಕಾಣುವ ಕಡೆ ಕೂರಿ. ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಾಳ) ಎರಡು ಮತ್ತು ನಾಲ್ಕನೇ ಮಾತ್ರೆಗೆ ಮುಚ್ಚುವುದು ಕಣ್ಣಿಗೇ ಕಾಣುತ್ತದೆ. ಮೊದಲ ಹಾಡಿನಲ್ಲಿ ಬೇಸ್ ಮಾತ್ರ ಕೇಳಿ, ಬಾರಿಗೆ ನಾಲ್ಕು ಹೆಜ್ಜೆ ಇಡುತ್ತದೆ. ಎರಡನೆಯದರಲ್ಲಿ ಪ್ರತಿ ಸೋಲೋ ಎಷ್ಟು ಕೋರಸ್ ಎಂದು ಎಣಿಸಿ. ಫೋನ್ ಹಿಡಿದು ಪೂರ್ತಿ ರೆಕಾರ್ಡ್ ಮಾಡುತ್ತಾ ಕೂತವರಿಗೆ ಇದ್ಯಾವುದೂ ಕೇಳಿಸುವುದಿಲ್ಲ. ಸ್ಪೀಕರ್ ಎದುರು ಕೂರಬೇಡಿ, ಮನೆಗೆ ಬಂದ ಮೇಲೂ ಕಿವಿ ಗುಂಯ್ ಎನ್ನುತ್ತಿದ್ದರೆ ಸದ್ದು ಹೆಚ್ಚಾಗಿತ್ತು ಎಂದೇ ಅರ್ಥ. ಮುಂದಿನ ಸಲ ಇಯರ್‌ಪ್ಲಗ್ ಒಯ್ಯಿರಿ.

ಹಂತ 8: ಆರು ಮತ್ತು ಏಳನೇ ವಾರ, ವೇದಿಕೆ

ಮೊದಲ ಜ್ಯಾಮ್‌ಗೆ (ಹಾಳೆಯಿಲ್ಲದೆ ಎಲ್ಲರೂ ಕೂಡಿ ನುಡಿಸುವ ಕೂಟ) ಡ್ಯೂಕ್ ಎಲಿಂಗ್ಟನ್‌ರ 'ಸಿ ಜ್ಯಾಮ್ ಬ್ಲೂಸ್' ಆರಿಸಿಕೊಳ್ಳಿ. ಅದರ ಧಾಟಿಯಲ್ಲಿರುವುದು ಎರಡೇ ಸ್ವರ, ಪ ಮತ್ತು ಮೇಲಿನ ಸಾ. ಧಾಟಿಯ ಚಿಂತೆ ಇಲ್ಲದಿದ್ದರೆ ಮನಸ್ಸು ಆವರ್ತದ ಮೇಲಿರುತ್ತದೆ. ಇದು ಸಿ ಬ್ಲೂಸ್, ಹಾಗಾಗಿ ಆರನೇ ವಾರ ಎರಡೂ ದಾರಿಗಳನ್ನು ಟ್ರಂಪೆಟ್‌ನಲ್ಲಿ ಡಿ, ಆಲ್ಟೋದಲ್ಲಿ ಎ ಸಾ ಮಾಡಿಕೊಂಡು ಮತ್ತೆ ಕಲಿಯಿರಿ. ಸರಿಗಮದಲ್ಲಿ ಕಲಿತವರಿಗೆ ಇದು ಎರಡು ದಿನದ ಕೆಲಸ.

ವೇದಿಕೆಯ ಕ್ರಮ ಹೀಗಿರುತ್ತದೆ. ಕೀ ಮತ್ತು ವೇಗ ಹೇಳಿ, ನಾಲ್ಕು ಮಾತ್ರೆ ಎಣಿಸಿ ಶುರುಮಾಡಿ. ಧಾಟಿ ಎರಡು ಸಲ, ಆಮೇಲೆ ಒಬ್ಬೊಬ್ಬರ ಸೋಲೋ, ಕೆಲವೊಮ್ಮೆ ಡ್ರಮ್ಮರ್ ಜೊತೆ ನಾಲ್ಕು-ನಾಲ್ಕು ಬಾರಿನ ಸವಾಲ್-ಜವಾಬ್, ಕೊನೆಗೆ ಮತ್ತೆ ಧಾಟಿ. ಯಾರಾದರೂ ತಮ್ಮ ತಲೆ ಮುಟ್ಟಿ ತೋರಿಸಿದರೆ ಧಾಟಿಗೆ ಮರಳಿ ಎಂದು ಅರ್ಥ. ನಿಮ್ಮ ಸೋಲೋ ಎರಡು ಕೋರಸ್ ಸಾಕು. ಮುಗಿಸುವ ಮುನ್ನ ಮುಂದಿನವರ ಕಡೆ ನೋಡಿ, ಹನ್ನೆರಡನೇ ಬಾರಿನಲ್ಲಿ ಪಕ್ಕಕ್ಕೆ ಸರಿಯಿರಿ. ಟ್ರಂಪೆಟ್‌ನ ಬಾಯಿ ಮೈಕಿಗೆ ಒಂದು ಗೇಣು ದೂರವಿರಲಿ. ಸ್ಯಾಕ್ಸೋಫೋನಿಗೆ ಮೈಕ್ ವಾದ್ಯದ ಬಾಯಿಯೊಳಗೆ ಬೇಡ, ಆ ಬಾಯಿ ಮತ್ತು ಕೀಲಿಗಳ ನಡುವಿನ ಕಡೆಗಿರಲಿ, ಇಲ್ಲದಿದ್ದರೆ ಕೆಳಗಿನ ಸ್ವರ ಮಾತ್ರ ಗುಡುಗುತ್ತದೆ.

ದಾರಿ ತಪ್ಪಿದರೆ ಊದುವುದು ನಿಲ್ಲಿಸಿ, ಬೇಸ್ ಕೇಳಿ. ಫೈವ್ ಬಂದ ಸದ್ದು ಕೇಳಿದರೆ ಅದು ಒಂಬತ್ತು ಅಥವಾ ಹನ್ನೆರಡನೇ ಬಾರ್. ಅದರ ಹಿಂದೆಯೇ ಫೋರ್ ಬಂದರೆ ಒಂಬತ್ತು ಈಗಷ್ಟೇ ದಾಟಿದೆ, ಒನ್ ಬಂದರೆ ಅದೇ ಸಮ್. ಅಲ್ಲಿ ಒಂದು ಉದ್ದನೆಯ ಶುದ್ಧ ಗ ಹಿಡಿದು ಒಳಗೆ ಬನ್ನಿ. ತಪ್ಪಿದ್ದನ್ನು ಮುಚ್ಚಲು ಜೋರಾಗಿ, ವೇಗವಾಗಿ ಊದುವುದಕ್ಕಿಂತ ಎರಡು ಬಾರಿನ ಮೌನ ಯಾವಾಗಲೂ ಒಳ್ಳೆಯದು.

ಹಂತ 9: ಜೂನ್ ಬಂದ ಮೇಲೆ

ಬೆಳಗಾವಿ ಕಡೆಯ ಮಳೆಗಾಲದ ತೇವ ರೀಡಿಗೆ ಬೂಷ್ಟು ತರುತ್ತದೆ, ಪ್ಯಾಡ್ ಉಬ್ಬಿಸುತ್ತದೆ. ಪ್ರತಿ ಸಲ ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ರೀಡನ್ನು ಮೌತ್‌ಪೀಸಿನಿಂದ ಬಿಚ್ಚಿ ಒಣಗಿಸಿ ಪ್ರತ್ಯೇಕ ಡಬ್ಬಿಯಲ್ಲಿಡಿ. ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಿಸಿಲು ಬಿದ್ದ ದಿನ ಖಾಲಿ ಕೇಸನ್ನು ತೆರೆದು ಗಾಳಿಗಿಡಿ. ಟ್ರಂಪೆಟ್‌ನ ನಾಲ್ಕೂ ಸ್ಲೈಡ್‌ಗಳನ್ನು ಹದಿನೈದು ದಿನಕ್ಕೊಮ್ಮೆ ಎಳೆದು ಗ್ರೀಸ್ ಹಚ್ಚಿ. ಹಿಡಿದುಕೊಂಡ ಸ್ಲೈಡನ್ನು ಇಕ್ಕಳದಿಂದ ಎಳೆಯಬೇಡಿ, ಕೊಳವೆ ಬಾಗಿದರೆ ಆ ಖರ್ಚು ದೊಡ್ಡದು. ಶಾಲೆ ಶುರುವಾದ ಮೇಲೂ ಬೆಳಿಗ್ಗೆ ಹದಿನೈದು ನಿಮಿಷ ಉದ್ದ ಸ್ವರ, ಐದು ನಿಮಿಷ ಮೂರು ಸ್ವರದ ದಾರಿ ನಡೆಯಲಿ. ದಸರಾ ರಜೆಯಲ್ಲಿ ಎಫ್ ಬ್ಲೂಸ್ ಶುರುಮಾಡಬಹುದು.